ಪುಣ್ಯತಿಥಿಯ ಗಡುವು ಬೇಡ

ಮಗುವನ್ನು ಕಳೆದುಕೊಂಡ ಹೆತ್ತವರು ಚಿತ್ರ ಬರೆದೋ ಮಣ್ಣಿನಲ್ಲಿ ಮೂರ್ತಿ ಮಾಡಿಯೋ ದುಃಖಕ್ಕೆ ದಾರಿ ಕೊಡಲು ಹೊರಟಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಮೊದಲ ಪುಣ್ಯತಿಥಿಯೊಳಗೆ ಅದು ಮುಗಿಯಲೇಬೇಕೆಂಬ ಹಟ. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್, 1914ರಲ್ಲಿ ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದ 18 ವರ್ಷದ ಮಗ ಪೀಟರನಿಗಾಗಿ ಆರಂಭಿಸಿದ ಸ್ಮಾರಕವನ್ನು 1919ರಲ್ಲಿ ಕೈಬಿಟ್ಟು, ಮತ್ತೆ ಕೈಗೆತ್ತಿಕೊಂಡು, ಅವನನ್ನು ಹೂತ ಸ್ಮಶಾನದಲ್ಲಿ ನಿಲ್ಲಿಸಿದ್ದು 1932ರಲ್ಲಿ. ಮೊದಲ ಕಲ್ಪನೆಯಲ್ಲಿ ಮಲಗಿದ್ದ ಮಗನ ಆಕೃತಿ ಕೊನೆಗೆ ಉಳಿಯಲೇ ಇಲ್ಲ, ಉಳಿದದ್ದು ಬೇರೆ ಬೇರೆ ಪೀಠಗಳ ಮೇಲೆ ಮಂಡಿಯೂರಿದ ತಂದೆತಾಯಿ, ತಂದೆ ತನ್ನನ್ನೇ ತೋಳುಗಳಿಂದ ಬಿಗಿದುಕೊಂಡು, ತಾಯಿ ತಲೆ ಬಾಗಿಸಿ. ನುರಿತ ಕೈಗೇ ಇಷ್ಟು ಕಾಲ ಹಿಡಿಯಿತು. ಆದ್ದರಿಂದ ಅರ್ಧಕ್ಕೆ ನಿಂತದ್ದನ್ನು ಹರಿದೆಸೆಯದೆ ಎತ್ತಿಡಿ. ಸಂಗಾತಿಯೂ ಕುಂಚ ಹಿಡಿಯಬೇಕೆಂದು ಒತ್ತಾಯಿಸಬೇಡಿ. ಊಟ, ನಿದ್ದೆ ತಪ್ಪತೊಡಗಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ.