ಅವರ ಪಕ್ಕ ಹೋಗಿ ನಿಲ್ಲು

ಪ್ರೀತಿಯ ಪುಟ್ಟಿ,

ನೀನು ಭಾನುವಾರವೂ ಲ್ಯಾಬಿಗೆ ಹೋಗುತ್ತೀಯಂತೆ, ನಿಮ್ಮಪ್ಪ ಹೇಳಿದ. ಬೆಳೆಸಿಟ್ಟ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಹೊಸ ಮೀಡಿಯಾ ಹಾಕಲೇಬೇಕಂತಲ್ಲ. ಹಾಕು, ಬೇಡ ಅನ್ನುವುದಿಲ್ಲ. ನಿನ್ನ ಊಟದ ಹೊತ್ತನ್ನು ಮಾತ್ರ ತಪ್ಪಿಸಬೇಡ. ಚಟ್ನಿಪುಡಿ, ಹುರಿಹಿಟ್ಟು ಕಳಿಸಿದ್ದೇನೆ. ಮೆಸ್ಸು ಮುಚ್ಚಿದ ರಾತ್ರಿಗಳಿಗೆ ಇರಲಿ.

ಮೊನ್ನೆ ಫೋನಿನಲ್ಲಿ ನೀನು, "ಅತ್ತೆ, ನಮ್ಮ ಮೀಟಿಂಗಲ್ಲಿ ಅರ್ಧ ಮಾತು ನನಗೆ ತಿಳಿಯೋದೇ ಇಲ್ಲ. ಮೆಕ್ಯಾನಿಕಲ್ ಓದಿದೋಳು ಇಲ್ಲಿ ಯಾಕಿದ್ದೀನೋ" ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗಿಲ್ಲ. ನಿನ್ನ ಜೊತೆಯವರನ್ನು ನೀನೇ ಹೆಸರಿಸಿದ್ದೆ. ಜವಳಿ ತಂತ್ರಜ್ಞಾನ ಓದಿ ಬಂದ ಹುಡುಗ, ಭೌತಶಾಸ್ತ್ರದ ಹುಡುಗಿ, ಎಂಬಿಬಿಎಸ್ ಮುಗಿಸಿ ಸಂಶೋಧನೆಗೆ ಬಂದ ಡಾಕ್ಟರು, ಪಶುವೈದ್ಯರು, ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂತು ರಕ್ತದ ಹರಿವಿನ ಲೆಕ್ಕ ಹಾಕುವವರು. ಇಷ್ಟೂ ಜನ ಸೇರಿ ಮಾಡುತ್ತಿರುವುದು ಬೈಪಾಸಿಗೆ ಆಗುವಂಥ ಒಂದು ಸಣ್ಣ ಕೃತಕ ರಕ್ತನಾಳ. ಅದನ್ನು ಕೇಳಿದಂದಿನಿಂದ ನನಗೆ ಥಿಯೇಟರಿನ ದಿನಗಳದೇ ಯೋಚನೆ.

ನಾನು ಆಪರೇಷನ್ ಥಿಯೇಟರಿನ ನರ್ಸಾಗಿ ಸೇರಿದ ಕಾಲದಲ್ಲಿ, ಮಹಾಪಧಮನಿ ಊದಿಕೊಂಡವರಿಗೆ ಡೇಕ್ರಾನ್ ಬಟ್ಟೆಯ ಕೊಳವೆ ಹಾಕುತ್ತಿದ್ದರು. ಹೆಣೆದ ಬಟ್ಟೆಯಲ್ಲಿ ಸಣ್ಣ ಸಣ್ಣ ಸಂದು ಇದ್ದೇ ಇರುತ್ತದೆ, ಅದರಿಂದ ರಕ್ತ ಜಿನುಗುತ್ತದೆ. ಅದಕ್ಕಾಗಿ ರೋಗಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವ ಮೊದಲೇ ಅವರದೇ ಸ್ವಲ್ಪ ರಕ್ತ ತೆಗೆದು, ಕೊಳವೆಯನ್ನು ಅದರಲ್ಲಿ ನೆನೆಸಿ, ಸಂದುಗಳಲ್ಲಿ ರಕ್ತ ಹೆಪ್ಪುಗಟ್ಟುವವರೆಗೆ ಕಾಯಬೇಕಿತ್ತು. ಆ ಬಟ್ಟಲು ನೋಡಿಕೊಳ್ಳುವುದು ನನ್ನ ಕೆಲಸ. ಆಮೇಲೆ ಕೊಲಾಜೆನ್, ಜೆಲಟಿನ್ ಲೇಪಿಸಿದ ಕೊಳವೆಗಳು ಬಂದವು. ನೆನೆಸುವ ಕೆಲಸವೇ ಹೋಯಿತು. ಲೇಪದ ಯೋಚನೆ ಮಾಡಿದವರು ಯಾರೋ ನನಗೆ ತಿಳಿಯದು. ಆದರೆ ನಾವು ಬಟ್ಟಲು ಹಿಡಿದು ಕಾಯುತ್ತಿದ್ದ ಆ ಹೊತ್ತಿನ ಬೆಲೆ ಅವರಿಗೆ ಗೊತ್ತಿದ್ದಿರಬೇಕು ಅಂತ ನನಗೆ ಅನ್ನಿಸುತ್ತದೆ.

ಜವಳಿ ಓದಿದವನಿಗೆ ಇಲ್ಲೇನು ಕೆಲಸ ಅಂತ ಆ ಹುಡುಗನನ್ನೂ ಯಾರಾದರೂ ಕೇಳಿಯೇ ಇರುತ್ತಾರೆ. ಅವನಿಗೆ ಇದನ್ನು ಹೇಳು. 1950ರ ದಶಕದಲ್ಲಿ ಅಮೆರಿಕದ ಹೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿ ಬಟ್ಟೆ ಕೊಳ್ಳಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು, ಡೇಕ್ರಾನ್ ಇತ್ತು. ಅದನ್ನೇ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೊಳವೆ ಹೊಲಿದರು. ಹೊಲಿಗೆಯನ್ನು ಚಿಕ್ಕಂದಿನಲ್ಲಿ ಅವರ ತಾಯಿ ಕಲಿಸಿದ್ದರು. ಜೋಡಣೆ ಇಲ್ಲದ ಕೊಳವೆ ಹೆಣೆಯುವ ಯಂತ್ರ ಬೇಕಾದಾಗ ಅವರು ನೆರವು ಪಡೆದದ್ದು ಫಿಲಡೆಲ್ಫಿಯಾದ ಜವಳಿ ಕಾಲೇಜಿನ ಅಧ್ಯಾಪಕರಿಂದ. ಆ ಬಟ್ಟೆಯ ಕೊಳವೆ ದೊಡ್ಡ ನಾಳಗಳಿಗೆ ಚೆನ್ನಾಗಿ ಒಗ್ಗಿತು. 6 ಮಿಲಿಮೀಟರಿಗಿಂತ ಸಣ್ಣದಾದರೆ ಮಾತ್ರ ಬೇಗ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಈಗಲೂ ಬೈಪಾಸಿಗೆ ಕಾಲಿನ ನಾಳವನ್ನೋ ಎದೆಗೂಡಿನ ಒಳಗಿನ ನಾಳವನ್ನೋ ತೆಗೆಯುವುದು ಅದಕ್ಕೇ. ನಿಮ್ಮ ಲ್ಯಾಬು ಕೈಹಾಕಿರುವುದು ಇಂಥ ಹಳೆಯ ಕಷ್ಟಕ್ಕೆ.

ಇನ್ನೊಬ್ಬರ ವಿಷಯ ಹೇಳುತ್ತೇನೆ. ಮಿನಿಯಾಪೊಲಿಸ್‌ನಲ್ಲಿ ಅರ್ಲ್ ಬಾಕನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್ 1949ರಲ್ಲಿ ಭಾವನ ಜೊತೆ ಸೇರಿ ಗ್ಯಾರೇಜೊಂದರಲ್ಲಿ ಆಸ್ಪತ್ರೆಯ ಉಪಕರಣಗಳ ರಿಪೇರಿ ಶುರು ಮಾಡಿದರು. ರಿಪೇರಿಯ ನೆಪದಲ್ಲಿ ವಾರ್ಡು, ಥಿಯೇಟರು ಎಲ್ಲ ಕಡೆ ಓಡಾಟ. ಆಗ ಅಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳಿಗೆ ಪೇಸ್‌ಮೇಕರ್ ಅಂದರೆ ಗೋಡೆಯ ಪ್ಲಗ್ಗಿಗೆ ತಂತಿ ಸಿಕ್ಕಿಸಿದ ದೊಡ್ಡ ಪೆಟ್ಟಿಗೆ. 1957ರ ಅಕ್ಟೋಬರ್ ಕೊನೆಗೆ ಊರಿನ ಕರೆಂಟು ಹೋಯಿತು. ಆಗ ಪಾಳಿಯಲ್ಲಿದ್ದ ನರ್ಸುಗಳನ್ನು ನೆನೆದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಸರ್ಜನ್ ವಾಲ್ಟನ್ ಲಿಲೆಹೈ ಬಾಕನ್ನರನ್ನು ಕರೆದು, ಬ್ಯಾಟರಿಯಲ್ಲಿ ನಡೆಯುವಂಥದ್ದು ಬೇಕು ಅಂದರು. ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ಮೆಟ್ರೊನೋಮಿನ, ಅಂದರೆ ಸಂಗೀತ ಕಲಿಯುವವರಿಗೆ ಲಯ ತೋರಿಸುವ ಉಪಕರಣದ, ಸರ್ಕ್ಯೂಟ್ ಇತ್ತು. ಬಾಕನ್ ಅದನ್ನೇ ಮಾರ್ಪಡಿಸಿ ಸುಮಾರು ನಾಲ್ಕು ವಾರದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಪೆಟ್ಟಿಗೆ ಮಾಡಿಕೊಟ್ಟರು. ವೈದ್ಯರಿಗೆ ಆ ಹೊತ್ತಿನಲ್ಲಿ ಅವರ ನೆನಪೇ ಬಂದದ್ದು ಏಕೆ ಅಂದುಕೊಂಡೆ? ಅವರು ಆ ಥಿಯೇಟರಿನಲ್ಲಿ ಮೊದಲೇ ಓಡಾಡಿದ್ದರು.

ಓರೆಗನ್ನಿನ ಲೋವೆಲ್ ಎಡ್ವರ್ಡ್ಸ್ ಕೂಡ ಹಾಗೇ. ವಿಮಾನದ ಇಂಧನ ಪಂಪುಗಳನ್ನು ರೂಪಿಸಿ ನಿವೃತ್ತರಾದವರು. ಕೃತಕ ಹೃದಯವನ್ನೇ ಮಾಡೋಣ ಅಂತ 1958ರಲ್ಲಿ ಸರ್ಜನ್ ಆಲ್ಬರ್ಟ್ ಸ್ಟಾರ್ ಬಳಿ ಹೋದರು. ಹೃದಯ ಆಮೇಲೆ, ಮೊದಲು ಒಂದು ಕವಾಟ ಮಾಡಿಕೊಡಿ ಅಂದರು ಸ್ಟಾರ್. 1960ರಲ್ಲಿ ಆ ಕವಾಟ ರೋಗಿಯ ಎದೆಯಲ್ಲಿತ್ತು.

ಕವಾಟ ಅಂದರೆ ನನಗೆ ಮೊದಲು ನೆನಪಾಗುವುದು ಚಿತ್ರಾ ಕವಾಟ. ನಮ್ಮಲ್ಲಿ ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದಕ್ಕೆ ಸರಿಯಾಗಿ ಔಷಧಿ ಸಿಗದೆ, ಸಂಧಿವಾತ ಜ್ವರವಾಗಿ ಕವಾಟ ಕೆಟ್ಟು ಬರುತ್ತಿದ್ದ ಹುಡುಗ ಹುಡುಗಿಯರು ಎಷ್ಟು ಜನ! ಹೊರದೇಶದ ಕವಾಟ ಕೊಳ್ಳುವ ಶಕ್ತಿ ಅವರ ಮನೆಗಳಿಗಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಸರ್ಜನ್ ಎಂ. ಎಸ್. ವಲಿಯತ್ತಾನ್, ಎಂಜಿನಿಯರ್ ಜಿ. ಎಸ್. ಭುವನೇಶ್ವರ್ ಮತ್ತು ಅವರ ಜೊತೆಯವರು ಇಲ್ಲಿಯೇ ಕವಾಟ ಮಾಡಲು ಹೊರಟರು. ಆಸ್ಪತ್ರೆ ಊರಿನ ಒಂದು ಕಡೆ; ತಂತ್ರಜ್ಞಾನ ವಿಭಾಗ ಇನ್ನೊಂದು ಕಡೆ, ಪೂಜಪ್ಪುರದ ಸ್ಯಾಟೆಲ್‌ಮಂಡ್ ಅರಮನೆಯಲ್ಲಿ. ಲೋಹ ತಿಳಿದವರು, ಪ್ಲಾಸ್ಟಿಕ್ ತಿಳಿದವರು, ಕುರಿಗಳ ಮೇಲೆ ಪರೀಕ್ಷೆ ಮಾಡುವವರು, ಎಲ್ಲರೂ ಬೇಕಾದರು. ನಿಮಿಷಕ್ಕೆ 72 ಬಡಿತ ಅಂತ ಹಿಡಿದರೂ ಕವಾಟ ವರ್ಷಕ್ಕೆ ಸುಮಾರು 3 ಕೋಟಿ 78 ಲಕ್ಷ ಸಲ ತೆರೆದು ಮುಚ್ಚಬೇಕು. ಮೊದಲಿನ ಮೂರು ಮಾದರಿಗಳು ನಿಲ್ಲಲಿಲ್ಲ. ಕೃತಕ ನೀಲಮಣಿಯ ಬಿಲ್ಲೆಯನ್ನೂ ಹಾಕಿ ನೋಡಿದರು. ಕೊನೆಗೆ ಉಳಿದ ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಗಟ್ಟಿ ಪಾಲಿಎಥಿಲೀನಿನ ಬಿಲ್ಲೆ, ಹೊಲಿಗೆ ಹಾಕಲು ಸುತ್ತ ಪಾಲಿಯೆಸ್ಟರ್ ಬಟ್ಟೆ. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಅದನ್ನು ಅಳವಡಿಸಿದರು. ವಲಿಯತ್ತಾನ್ ಆಮೇಲೆ ನಮ್ಮ ಮಣಿಪಾಲಕ್ಕೆ ಕುಲಪತಿಗಳಾಗಿ ಬಂದರು. 2024ರಲ್ಲಿ ಅಲ್ಲಿಯೇ ತೀರಿಕೊಂಡರು. ಆ ಕವಾಟವನ್ನು ಪೊಟ್ಟಣ ಬಿಡಿಸಿ ಸರ್ಜನ್ನರ ಕೈಗೆ ಕೊಡುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು.

ಪುಟ್ಟಿ, ನೀನು ರಾತ್ರಿಯೆಲ್ಲ ಜೀವಕೋಶದ ದಪ್ಪ ಪುಸ್ತಕ ಓದುತ್ತಿದ್ದೀ ಅಂದೆ. ಓದು. ಆದರೆ ಪುಸ್ತಕ ಓದಿ ನಿನ್ನ ಜೊತೆಯವರಂತೆ ಆಗಿಬಿಡಬೇಕು ಅಂತ ಹಟ ಹಿಡಿಯಬೇಡ. ಅದರ ಬದಲು ಅವರು ಕೆಲಸ ಮಾಡುವ ಕಡೆ ಹೋಗಿ, ಅವರ ಪಕ್ಕ ನಿಲ್ಲು. ಪಶುವೈದ್ಯರು ಪ್ರಾಣಿಮನೆಗೆ ಹೋಗುವಾಗ ಕೇಳಿಕೊಂಡು ಜೊತೆಗೆ ಹೋಗು. ಕುರಿ ಕತ್ತು ಎಷ್ಟು ತಿರುಗಿಸುತ್ತದೆ ಅನ್ನುವುದನ್ನು ಕಣ್ಣಾರೆ ನೋಡು, ಪರೀಕ್ಷೆಗೆ ಅದರ ಕತ್ತಿನಲ್ಲಿ ಕೂರಿಸಿದರೆ ನಿನ್ನ ಕೊಳವೆ ಅಷ್ಟು ತಿರುಚಿಕೊಳ್ಳಬೇಕಾಗುತ್ತದೆ. ಅಲ್ಲಿ ಮೇವು ಹಾಕುವವರ ಹತ್ತಿರ ಮಾತಾಡು. ಯಾವ ಕುರಿ ಸಪ್ಪಗಿದೆ ಅನ್ನುವುದು ಅವರಿಗೇ ಮೊದಲು ತಿಳಿಯುತ್ತದೆ. ಜವಳಿ ಹುಡುಗ ನೂಲು ತೆಗೆಯುವಾಗ ಒಂದು ಮಧ್ಯಾಹ್ನ ಸುಮ್ಮನೆ ಕೂತಿರು. ಅವರನ್ನೂ ನೀನು ಕೊಳವೆ ಪರೀಕ್ಷಿಸುವ ಪಂಪಿನ ಹತ್ತಿರ ಕರೆ. ಮೀಟಿಂಗಿನಲ್ಲಿ ಕೇಳಲು ನಾಚುವ ಪ್ರಶ್ನೆ, ಕೈ ಕೆಲಸದಲ್ಲಿರುವಾಗ ತಾನಾಗಿ ಬಾಯಿಗೆ ಬರುತ್ತದೆ.

ಒಮ್ಮೆ ನಮ್ಮ ಥಿಯೇಟರಿಗೆ ಹೊಸ ಸಲಕರಣೆಯೊಂದು ಪರೀಕ್ಷೆಗೆ ಬಂತು. ಕೆಲಸ ಚೆನ್ನಾಗಿತ್ತು, ಪೊಟ್ಟಣ ಮಾತ್ರ ಒಂದೇ ಪದರದ್ದು. ಗ್ಲೌಸು ಹಾಕಿದವಳು ಅದನ್ನು ಹೊರಗಿನಿಂದ ಮುಟ್ಟಿದರೆ ಕೈ ಅಶುದ್ಧ. ಮಾಡಿದವರಲ್ಲೊಬ್ಬ ಹುಡುಗ ಒಳಗೆ ಬಂದು ಒಂದು ಇಡೀ ಆಪರೇಷನ್ ನಿಂತು ನೋಡಿದ. ಮುಂದಿನ ಸಲ ಪೊಟ್ಟಣಕ್ಕೆ ಎರಡು ಪದರ ಬಂತು. ಹೊರಗಿನದನ್ನು ಬಿಡಿಸಲು ಗ್ಲೌಸು ಹಾಕದ ನರ್ಸು, ಒಳಗಿನದಕ್ಕೆ ನಾನು.

ಇಲ್ಲಿ ಮೈಸೂರಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಸಿಸ್ಟರ್ ಈಗ ಥಿಯೇಟರಿನ ಮೇಲ್ವಿಚಾರಣೆಯಲ್ಲಿದ್ದಾರೆ. ನಿನ್ನ ವಿಷಯ ಹೇಳಿದ್ದೇನೆ. ನಿಮ್ಮ ಗೈಡಿನಿಂದ ಒಂದು ಪತ್ರ ತಂದರೆ, ಸರ್ಜನ್ನರೂ ರೋಗಿಯೂ ಒಪ್ಪಿದ ದಿನ ಬೈಪಾಸ್ ನೋಡಲು ಬಿಡುತ್ತಾರೆ. ಕಾಲಿನ ನಾಳ ತೆಗೆಯುವಾಗ ಸಿಸ್ಟರ್ ಕೈ ನೋಡು. ನಾಳವನ್ನು ಹೆಪಾರಿನ್ ಬೆರೆಸಿದ ಸಲೈನಿನಲ್ಲಿ ಇಡುತ್ತಾರೆ, ಸಿರಿಂಜಿನಿಂದ ಅದೇ ಸಲೈನ್ ತಳ್ಳಿ ಎಲ್ಲಿ ಸೋರುತ್ತದೆ ಅಂತ ನೋಡುತ್ತಾರೆ, ಕವಲುಗಳನ್ನು ಕಟ್ಟುತ್ತಾರೆ. ಆಮೇಲೆ ಕೂದಲಿನಷ್ಟು ಸಣ್ಣ ದಾರದಲ್ಲಿ ಹೊಲಿಗೆ. ನಿನ್ನ ಕೊಳವೆಗೆ ಆ ಸೂಜಿ ಚುಚ್ಚಿದರೆ ತೂತು ಹಿಗ್ಗುತ್ತದೆಯೇ, ಒದ್ದೆ ಗ್ಲೌಸಿನಲ್ಲಿ ಅದು ಜಾರುತ್ತದೆಯೇ, ಎಲ್ಲ ಅಲ್ಲೇ ಹೊಳೆಯುತ್ತದೆ.

ಹಿಂದಿನ ದಿನ ರಾತ್ರಿಯೇ ನಮ್ಮ ಮನೆಗೆ ಬಂದುಬಿಡು. ಬೆಳಗ್ಗೆ ಏನಾದರೂ ತಿನ್ನದೆ ಹೊರಡಲು ನಾನು ಬಿಡುವುದಿಲ್ಲ. ಹೊಟ್ಟೆ ಖಾಲಿ ಇದ್ದರೆ ಹೊಸಬರಿಗೆ ತಲೆ ಸುತ್ತುತ್ತದೆ. ಬಳೆ, ಉಂಗುರ, ವಾಚು ಬೇಡ. ಕೂದಲು ಬಿಗಿಯಾಗಿ ಕಟ್ಟಿಕೋ. ಕಣ್ಣು ಕತ್ತಲೆ ಬಂದ ಹಾಗಾದರೆ ಹೇಳಿ, ಗೋಡೆಗೆ ಒರಗಿ ಕೂತುಬಿಡು, ಯಾರೂ ಏನೂ ಅನ್ನುವುದಿಲ್ಲ. ಆ ಜವಳಿ ಹುಡುಗನೂ ಬರುತ್ತೇನೆ ಅಂದರೆ ಅವನ ಹೆಸರನ್ನೂ ಪತ್ರದಲ್ಲಿ ಸೇರಿಸಲು ಹೇಳು.

ನಿನ್ನ,
ಅತ್ತೆ