ಜೀಪಿಗೆ ಕ್ಯಾರಿಯರ್ ಹಾಕಿಸೋ ಮುಂಚೆ

ಮಲೆನಾಡಿನ ತೋಟದ ದಾರಿಗೆ ತಗಡಿನ ಟಾಪಿನ ಜೀಪು, ಬೊಲೆರೊ ಇಟ್ಟುಕೊಂಡವರು ಮೇಲೊಂದು ಕ್ಯಾರಿಯರ್ ಹಾಕಿಸೋದು ಸಾಮಾನ್ಯ. ಪೈಪು ದಪ್ಪ ಇದ್ದಷ್ಟೂ ಗಟ್ಟಿ ಅಂದುಕೊಳ್ತೇವೆ. ಆದರೆ ಕೊನೆಗೆ ಭಾರ ಹೊರಬೇಕಾದ್ದು ಟಾಪು. ಅದರ ಮೇಲೆ ಎಷ್ಟು ಹಾಕಬಹುದು ಅಂತ ಗಾಡಿಯ ಜತೆ ಬಂದ ಪುಸ್ತಕದಲ್ಲಿ ನೋಡಿ. ಅಲ್ಲಿ 75 ಕೆ.ಜಿ. ಅಂತಿದೆ, ಕ್ಯಾರಿಯರೇ 35 ಕೆ.ಜಿ. ತೂಗುತ್ತೆ ಅಂದುಕೊಳ್ಳಿ. ಉಳಿಯೋದು 40. 65 ಕೆ.ಜಿ.ಯ ಒಂದು ಅಡಿಕೆ ಮೂಟೆಗೂ ಸಾಲದು! ಗುಂಡಿ ಬಿದ್ದ ದಾರಿಯಾದರೆ ಇನ್ನೂ ಕಡಿಮೆ ಹಾಕಿ. ಮೇಲೆ ಭಾರ ಹೆಚ್ಚಾದಷ್ಟೂ ಓರೆ ದಾರಿಯಲ್ಲಿ ಗಾಡಿ ಮಗುಚೋ ಭಯ. ಮೂಟೆ, ಗೊಬ್ಬರ ಒಳಗಿರಲಿ. ದೋಟಿ, ಏಣಿ, ಸ್ಪ್ರೇ ಪೈಪು, ಟಾರ್ಪಾಲು ಮೇಲೆ ಹೋಗಲಿ.

ಕಾಲು ನಾಲ್ಕರ ಬದಲು ಆರಿದ್ದರೆ ಭಾರ ಹಂಚಿಹೋಗುತ್ತೆ. ಟಾಪಿಗೆ ತೂತು ಕೊರೆಸಬೇಡಿ, ಮಳೆಗಾಲದಲ್ಲಿ ಸೋರುತ್ತೆ. ಅಂಚಿನಲ್ಲಿ ನೀರು ಹರಿಯೋ ದೋಣಿ ಇದ್ದರೆ ಅದಕ್ಕೇ ಕ್ಲಾಂಪ್ ಹಿಡಿಸಿ. ಕಬ್ಬಿಣದ ಚೌಕ ಪೈಪಿನ ತುದಿ ಮುಚ್ಚಿಸಿ, ಅಡಿಯಲ್ಲಿ ಸಣ್ಣ ತೂತು ಇಡಿಸಿ. ಇಲ್ಲದಿದ್ದರೆ ನೀರು ನಿಂತು ಒಳಗೇ ತುಕ್ಕು, ಹೊರಗಿನ ಪೇಂಟು ಮಾತ್ರ ಹೊಸದಾಗೇ ಕಾಣ್ತಿರುತ್ತೆ. ಅಲ್ಯೂಮಿನಿಯಂ ಹಗುರ, ಆದರೆ ತುಟ್ಟಿ. ಮುರಿದರೆ ಹಳ್ಳಿಯ ವೆಲ್ಡಿಂಗ್ ಶಾಪಿನಲ್ಲಿ ರಿಪೇರಿ ಕಷ್ಟ. ಹಾಕಿಸೋ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿ. ಮೊದಲ ಟ್ರಿಪ್ಪು ಮುಗಿದ ಕೂಡಲೇ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ.