ಮೊದಲ ಹಾರಾಟಕ್ಕೆ ಜನ ಸೇರಿಸಬೇಡ

ವಿಮಾನ ಮುಗಿಯಿತು, ಹಾರಲು ಅಮೆರಿಕದ ವಿಮಾನಯಾನ ಇಲಾಖೆಯ (ಎಫ್‌ಎಎ) ಕಾಗದವೂ ಕೈಗೆ ಬಂತು ಅಂದೆ. ಸಂತೋಷವಾಯಿತಪ್ಪ. ವರ್ಷಗಟ್ಟಲೆ ಗ್ಯಾರೇಜಿನಲ್ಲಿ ರಿವೆಟ್ ಹೊಡೆದು ಆರ್‌ವಿ-7 ಎಬ್ಬಿಸಿ ನಿಲ್ಲಿಸುವುದೇನು ಹುಡುಗಾಟವೇ? ಆದರೆ ಶನಿವಾರ ಕನ್ನಡ ಕೂಟದವರನ್ನೆಲ್ಲ ಕರೆದು ಅವರೆದುರೇ ಹಾರುತ್ತೇನೆ ಅಂದೆಯಲ್ಲ, ಅದೊಂದು ಬೇಡ. ಜನ ನೆರೆದ ಮೇಲೆ ಗಾಳಿ ಸರಿಯಿಲ್ಲದಿದ್ದರೂ, ಎಂಜಿನ್ ಸದ್ದು ಯಾಕೋ ಬೇರೆ ಅನ್ನಿಸಿದರೂ ‘ಇವತ್ತಾಗದು’ ಅನ್ನಲು ನಾಲಿಗೆ ಏಳುವುದಿಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದಾಗ ನೋಡಲು ನಿಂತಿದ್ದವರು ಐದೇ ಮಂದಿ. ನಿನಗೆ ರೇಡಿಯೊ ಹಿಡಿದು ಕೆಳಗೆ ನಿಲ್ಲುವ, ವಿಮಾನ ಬಲ್ಲ ಒಬ್ಬ ಗೆಳೆಯ ಸಾಕು.

ಕಟ್ಟುವ ಭರದಲ್ಲಿ ನೀನು ಹಾರುವುದನ್ನೇ ಬಿಟ್ಟಿದ್ದೆ. ಇದೇ ಮಾದರಿಯ ವಿಮಾನ ಇಟ್ಟುಕೊಂಡು ಕಲಿಸುವವರಿದ್ದಾರೆ. ಮೊದಲು ಅವರ ಪಕ್ಕ ಕೂತು ಕೈ ಪಳಗಿಸಿಕೊ.

ಇಂಧನದ ಪರೀಕ್ಷೆಯನ್ನಂತೂ ಕಾಟಾಚಾರಕ್ಕೆ ಮಾಡಬೇಡ. ಮೂತಿಯನ್ನು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಕಾರ್ಬುರೇಟರ್ ಹತ್ತಿರ ಪೈಪು ಬಿಚ್ಚಿ, ಅಳತೆಯ ಡಬ್ಬಿಗೆ ಹರಿಸಿ ಗಡಿಯಾರ ನೋಡು. ಪೂರ್ಣ ಶಕ್ತಿಯಲ್ಲಿ ಎಂಜಿನ್ ಕುಡಿಯುವುದರ ಶೇ. 125ರಷ್ಟಾದರೂ ಪಂಪಿನಿಂದ ಬರಬೇಕು. ಆಮೇಲೆ ಫಿಲ್ಟರ್ ತೆಗೆದು ಬಿಳಿ ಬಟ್ಟೆಯ ಮೇಲೆ ಕೊಡವು. ಟ್ಯಾಂಕ್ ಕಟ್ಟುವಾಗ ಉಳಿದ ಅಲ್ಯೂಮಿನಿಯಂ ಚೂರು, ಸೀಲಂಟಿನ ಸಿಪ್ಪೆ ಬಂದು ಕೂತಿರುವುದು ಅಲ್ಲೇ. ಇನ್ನು ಹೊಸ ಎಂಜಿನ್ ಅಂತ ಮುದ್ದು ಮಾಡಿ ನೆಲದ ಮೇಲೇ ನಿಧಾನವಾಗಿ ಓಡಿಸುತ್ತ ಕೂರಬೇಡ. ಪಿಸ್ಟನ್ ರಿಂಗುಗಳು ಹೊಂದಿಕೊಳ್ಳುವುದು ಜೋರಾಗಿ ದುಡಿಸಿದರೆ ಮಾತ್ರ.

ನನಗೆ ನಿಜವಾದ ಭಯ ನಿನ್ನ ಮಮಕಾರದ್ದು. ನೆಲ ಬಿಟ್ಟ ಕೂಡಲೇ ಎಂಜಿನ್ ನಿಂತರೆ ಸ್ಟಿಕ್ ಮುಂದಕ್ಕೆ ತಳ್ಳು, ಎದುರಿಗೆ ಸಿಕ್ಕ ಹೊಲದಲ್ಲಿ ಇಳಿಸು. ಬಣ್ಣ ಹಾಳಾದೀತು, ರೆಕ್ಕೆ ಮುರಿದೀತು ಅಂತ ರನ್‌ವೇ ಕಡೆ ತಿರುಗಿಸಲು ಹೋದವರು ವೇಗ ಕುಗ್ಗಿ, ರೆಕ್ಕೆಯ ಎತ್ತುವ ಬಲ ತಪ್ಪಿ (ಸ್ಟಾಲ್ ಆಗಿ) ಬಿದ್ದಿದ್ದಾರೆ. ತಗಡು ಹೋದರೆ ಹೋಗಲಿ, ಇನ್ನೊಂದು ಕಟ್ಟೋಣ. ರಿವೆಟ್ ಹೊಡೆಯಲು ನಾನೇ ಬರುತ್ತೇನೆ.

ಎಂಜಿನ್-ಪ್ರೊಪೆಲ್ಲರ್ ಜೋಡಿಗೆ ಪ್ರಮಾಣಪತ್ರವಿದ್ದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ. ಅದನ್ನು ಸುಂಕ ತೆತ್ತಂತೆ ಸುತ್ತಿ ಸುತ್ತಿ ಮುಗಿಸುವವರಿದ್ದಾರೆ. ಕೊನೆಗೆ ಅವರಿಗೆ ಗೊತ್ತಾಗುವುದು ಕೆಳಗಿನ ಯಾವ ರೈತ ಕೊಟ್ಟಿಗೆಗೆ ಹೊಸ ಶೀಟು ಹಾಕಿಸಿದ ಅನ್ನುವುದಷ್ಟೇ! ನೀನು ಒಂದೊಂದು ಹಾರಾಟಕ್ಕೂ ಒಂದೊಂದು ಪ್ರಶ್ನೆ ಇಟ್ಟುಕೊಂಡು ಏರು. ಎತ್ತರದಲ್ಲಿ ಸ್ಟಾಲ್ ಮಾಡಿ ಎಷ್ಟು ವೇಗಕ್ಕೆ ರೆಕ್ಕೆ ನಡುಗುತ್ತದೆ ನೋಡು. ನಾಲ್ಕು ದಿಕ್ಕಿಗೂ ಹಾರಿ, ಜಿಪಿಎಸ್ ಜೊತೆ ವೇಗದ ಮೀಟರನ್ನು ತಾಳೆ ಹಾಕು. ಮರಳಿನ ಚೀಲ ಇಟ್ಟು ತೂಕವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ಹಿಂದಕ್ಕೆ ಸರಿಸುತ್ತ ಹೋಗು. ಎಲ್ಲವನ್ನೂ ಬರೆದಿಡು. ಇಳಿದಾಗಲೆಲ್ಲ ಎಂಜಿನ್ ಮುಚ್ಚಿರುವ ಕೌಲಿಂಗ್ ಬಿಚ್ಚಿ ಎಣ್ಣೆ ಸೋರಿದೆಯೇ ನೋಡು. ಅಲ್ಲಿಯವರೆಗೆ ಪ್ರಯಾಣಿಕರಿಲ್ಲ, ನಿನ್ನ ಹೆಂಡತಿಯೂ ಇಲ್ಲ.

ಅದೆಲ್ಲ ಮುಗಿದ ಮೇಲೆ ಮೊದಲು ಅವಳನ್ನೇ ಕೂರಿಸು. ಇದು ಹವ್ಯಾಸಿ ಕಟ್ಟಿದ್ದು, ಕಾರ್ಖಾನೆ ವಿಮಾನದ ಸುರಕ್ಷತಾ ನಿಯಮ ಇದಕ್ಕಿಲ್ಲ ಅಂತ ಒಳಗೆ ಅಂಟಿಸಿರುವ ಫಲಕವನ್ನು ಅವಳೇ ಓದಿಕೊಳ್ಳಲಿ. ಮತ್ತೆ ಸ್ಕ್ರೂಡ್ರೈವರ್ ಕೆಳಗಿಡು! ಹೊಸ ಮೀಟರ್, ಹೊಸ ಲೈಟ್ ಅಂತ ಬಿಚ್ಚುತ್ತಲೇ ಇರುವವರ ವಿಮಾನ ಹ್ಯಾಂಗರ್ ಬಿಟ್ಟು ಹೊರಬರುವುದೇ ಅಪರೂಪ. ಪಕ್ಕದೂರಿನ ಏರ್‌ಪೋರ್ಟಿಗೆ ತಿಂಡಿ ತಿನ್ನಲು ಹೋಗು. ಜುಲೈ ಕೊನೆಗೆ ವಿಸ್ಕಾನ್ಸಿನ್‌ನ ಆಶ್‌ಕಾಶ್ ಮೇಳಕ್ಕೆ ಹಾರು. ವಿಮಾನದ ಪಕ್ಕದಲ್ಲೇ ಟೆಂಟ್ ಹೊಡೆದು ಮಲಗಬಹುದು. ಅವಳಿಗೆ ರಜೆ ಸಿಗದಿದ್ದರೆ ನನಗೊಂದು ಫೋನ್ ಮಾಡು.